ಮೊದಲು ಜೋಳ, ಆಮೇಲೆ ಮಷೀನು

ಮನೆಯಲ್ಲೇ ರೊಟ್ಟಿ ಬಡಿದು, ಚಟ್ನಿಪುಡಿ ಕುಟ್ಟಿ, ಹಪ್ಪಳ ಶಾವಿಗೆ ಮಾಡಿ ಮಾರುವ ಉತ್ತರ ಕರ್ನಾಟಕದ ಅಕ್ಕತಂಗಿಯರಿಗೆ,



ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ನಿಮ್ಮಲ್ಲಿ ಎಷ್ಟೋ ಜನ ನನ್ನಂಥವರ ಕೋಣೆಯ ಹೊರಗಿನ ಬೆಂಚಿನ ಮೇಲೆ, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಊಟದ ಹೊತ್ತು ಮೀರುವ ತನಕ ಕಾದು ಕೂತಿದ್ದೀರಿ. ಒಳಗೆ ಕರೆದಾಗ ನಾವು ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೀರಿ. ನೀವು ಕೇಳಬೇಕೆಂದಿದ್ದನ್ನು ಮಾತ್ರ ನಾವು ಕೇಳಿಸಿಕೊಳ್ಳಲಿಲ್ಲ. ಆ ಬಾಕಿ ನನ್ನ ಲೆಕ್ಕದಲ್ಲಿ ಹಾಗೇ ಉಳಿದಿದೆ. ಅದಕ್ಕೇ ಈ ಪತ್ರ.

2021ರಲ್ಲಿ ಮಲಪ್ರಭೆಯ ಈಚೆ ದಂಡೆಯ ಒಂದು ಊರಿನ ಶಾಖೆಯಲ್ಲಿದ್ದೆ. ಕೊರೊನಾದಲ್ಲಿ ಗಂಡನ ಕೆಲಸ ಹೋಗಿದ್ದ ಅಕ್ಕ ಒಬ್ಬಾಕೆ ಬಂದಳು. ಹತ್ತು ವರ್ಷದಿಂದ ಎರಡು ಖಾನಾವಳಿಗಳಿಗೆ ರೊಟ್ಟಿ ಹಾಕುತ್ತಿದ್ದವಳು. ಸರಕಾರ ಆಹಾರ ಉದ್ದಿಮೆಗೆ ಸಾಲ ಕೊಡುತ್ತದಂತೆ, ಅರ್ಧ ಮಾಫಿಯಂತೆ ಎಂದು ಯಾರೋ ಹೇಳಿದ್ದರು. ನಾನು ಖುಷಿಯಿಂದ ಅರ್ಜಿ ತೆಗೆದೆ. ಖುಷಿ ಆಕೆಯ ಸಲುವಾಗಿ ಅಂತ ಈಗ ಹೇಳಿದರೆ ಸುಳ್ಳಾಗುತ್ತದೆ. ಆ ತ್ರೈಮಾಸಿಕದ ಗುರಿ ಮುಟ್ಟಲು ಇನ್ನೂ ಮೂರು ಅರ್ಜಿ ಬೇಕಿತ್ತು. "ಯಾವ ಮಷೀನು ತಗೋತೀರಿ? ಕ್ವೊಟೇಶನ್ ತಂದೀರೇನು?" ಅಂದೆ.

"ಮಷೀನ ತಗೊಂಡು ಏನ್ ಮಾಡ್ಲಿರಿ ಸಾಹೇಬ್ರ? ಬಡಿಯಾಕ ನನ್ನ ಕೈ ಅದಾವು. ಸುಗ್ಗ್ಯಾಗ ವರ್ಷದ ಜ್ವಾಳ ತುಂಬಿಸ್ಕೊಳ್ಳಾಕ ರೊಕ್ಕ ಬೇಕಾಗೇತ್ರಿ" ಅಂದಳು.

ಜೋಳಕ್ಕೆ ಈ ಯೋಜನೆಯಲ್ಲಿ ಸಾಲ ಬರೋದಿಲ್ಲ, ಮಷೀನಿಗೆ ಬರುತ್ತದೆ ಅಂತ ನಾನೇ ಆಕೆಗೆ ತಿಳಿಹೇಳಿದೆ. ಡೀಲರ್ ಒಬ್ಬನ ನಂಬರು ಶಾಖೆಯಲ್ಲೇ ಸಿಕ್ಕಿತು. ಎರಡು ತಿಂಗಳಲ್ಲಿ ರೊಟ್ಟಿ ಒತ್ತುವ ಯಂತ್ರ ಆಕೆಯ ಪಡಸಾಲೆಗೆ ಬಂತು, ಫೋಟೊ ನಮ್ಮ ಫೈಲಿಗೆ ಬಂತು. ಒಂದು ವರ್ಷ ಬಿಟ್ಟು ತಪಾಸಣೆಗೆ ಹೋದಾಗ ಅದರ ಮೇಲೆ ಹಾಸಿಗೆ ಮಡಿಚಿಟ್ಟಿದ್ದರು. ಜೋಳದ ಹಿಟ್ಟಿನ ಹದ ನಿಮಗೆ ನಾನು ಹೇಳಬೇಕಿಲ್ಲ. ಗೋದಿಯ ಹಾಗೆ ಅದು ಹಿಗ್ಗುವುದಿಲ್ಲ. ಎಸರು ಕುದಿದು, ಹಿಟ್ಟು ಬೆಂದು, ಕೈಯಲ್ಲಿ ನಾದಿ ಜಿಗಿ ಬರಿಸಬೇಕು. ಆಕೆಯ ಯಂತ್ರದಿಂದ ಬಂದ ರೊಟ್ಟಿ ಅಂಚು ಒಡೆದಿತ್ತು, ಒಳಗೆ ದಪ್ಪಗಿತ್ತು. ಖಾನಾವಳಿಯವರು ಎರಡು ದಿನ ನೋಡಿ "ಕೈಲೆ ಬಡಿದದ್ದ ಕೊಡ್ರಿ" ಎಂದರಂತೆ. ಯಂತ್ರ ನಿಂತಿತು, ಕಂತು ನಿಲ್ಲಲಿಲ್ಲ. ಜೋಳವನ್ನು ಮೊದಲಿನ ಹಾಗೆಯೇ ಕಿರಾಣಿ ಅಂಗಡಿಯಿಂದ ಐದೈದು ಕೆಜಿ ತರುತ್ತಿದ್ದಳು, ಅಂಗಡಿಯವನ ದರಕ್ಕೆ.

ಎಲ್ಲಾ ಯಂತ್ರವೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಖಾರದಪುಡಿ ಕುಟ್ಟುವ ಯಂತ್ರ ಹಾಕಿಸಿಕೊಂಡು ಮೂರು ಊರಿನ ಮೆಣಸಿನಕಾಯಿ ಕುಟ್ಟಿ ಸಾಲ ತೀರಿಸಿದ ಮನೆ ನೋಡಿದ್ದೇನೆ. ಹಿಟ್ಟಿನ ಗಿರಣಿಯೂ ನಡೆಯುತ್ತದೆ, ಶಾವಿಗೆ ಯಂತ್ರವೂ ನಡೆಯುತ್ತದೆ. ಚಟ್ನಿಪುಡಿಯವರಿಗೆ ಪಾಕೀಟು ಸೀಲ್ ಮಾಡುವ ಸಣ್ಣ ಯಂತ್ರ ಸಾಕು, ಅದಕ್ಕೆ ಸಾಲವೂ ಬೇಡ. ಕೈ ಸೋಲುವಷ್ಟು ಕೆಲಸ ಮೊದಲು ಬಂದು, ಯಂತ್ರ ಅದರ ಹಿಂದೆ ಬಂದ ಕಡೆಗಳಲ್ಲಿ ಅದು ಉಳಿದಿದೆ. ಸಬ್ಸಿಡಿ ಇದೆ ಎಂದು ಬಂದ ಕಡೆ ಹಾಸಿಗೆ ಹೊತ್ತಿದೆ.

ಈಗ ಸಬ್ಸಿಡಿಯ ಮಾತು. ಕೇಂದ್ರದ ಆಹಾರ ಸಂಸ್ಕರಣೆ ಯೋಜನೆ, ಅಂದರೆ ಪಿಎಂಎಫ್‌ಎಂಇ, 2020ರ ಜೂನ್‌ನಲ್ಲಿ ಶುರುವಾಯಿತು. ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ. ಅದರ ಮೇಲೆ ನಮ್ಮ ರಾಜ್ಯ ಶೇ 15 ಸೇರಿಸಿ ಅರ್ಧಕ್ಕೆ ಮುಟ್ಟಿಸಿತು. ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ, ಅಂದರೆ ಕೆಪೆಕ್, ಇದನ್ನು ನೋಡಿಕೊಳ್ಳುತ್ತದೆ. ಅರ್ಧ ಮಾಫಿ ಎಂಬ ಸುದ್ದಿ ಹುಟ್ಟಿದ್ದು ಇಲ್ಲಿಂದ. ಆದರೆ ಸಾಲ ಪೂರ್ತಿ ನಿಮ್ಮ ಹೆಸರಲ್ಲೇ ಏರುತ್ತದೆ. ಸಹಾಯಧನ ಬ್ಯಾಂಕಿಗೆ ಬಂದು ಬೇರೆ ಖಾತೆಯಲ್ಲಿ ಕೂರುತ್ತದೆ. ಮೂರು ವರ್ಷ ಕಂತು ಕಟ್ಟಿ, ಕೆಲಸವೂ ನಡೆಯುತ್ತಿದ್ದರೆ ಆಗ ಸಾಲಕ್ಕೆ ಜಮೆ. ನಡುವೆ ಖಾತೆ ಕೆಟ್ಟಿತೋ, ಆ ದುಡ್ಡು ಬಂದ ದಾರಿ ಹಿಡಿಯುತ್ತದೆ. ಈ ಕೊನೆಯ ವಾಕ್ಯವನ್ನು ನಿಮಗೆ ಬಿಡಿಸಿ ಹೇಳಿದ ಮ್ಯಾನೇಜರ್ ಎಷ್ಟು ಜನ? ನಾನಂತೂ ಹೇಳಲಿಲ್ಲ.

ಖಾದಿ ಆಯೋಗದ ಉದ್ಯೋಗ ಸೃಷ್ಟಿ ಯೋಜನೆ, ಪಿಎಂಇಜಿಪಿ, ಇನ್ನೂ ಹಳೆಯದು, 2008ರದ್ದು. ಹಳ್ಳಿಯ ಹೆಣ್ಣುಮಗಳಿಗೆ ಶೇ 35 ಸಹಾಯಧನ, ಕೈಯಿಂದ ಹಾಕಬೇಕಾದ್ದು ಶೇ 5 ಮಾತ್ರ. ಒಳ್ಳೆಯದೇ. ಆದರೆ ಅದು ಹೊಸ ಉದ್ದಿಮೆಗೆ ಮಾತ್ರ. ಹತ್ತು ವರ್ಷ ರೊಟ್ಟಿ ಬಡಿದು ಬೆರಳು ಸವೆಸಿದವಳು "ನಾನು ರೊಟ್ಟಿ ಉದ್ದಿಮೆಯನ್ನು ಹೊಸದಾಗಿ ಆರಂಭಿಸಲಿದ್ದೇನೆ" ಎಂದು ಬರೆದುಕೊಡಬೇಕು. ಆಮೇಲೆ ಆಕೆಗೆ ಉದ್ಯಮಶೀಲತೆಯ ತರಬೇತಿ. ಯಂತ್ರ, ಶೆಡ್ಡು ಅಂತ ಏನೂ ಇಲ್ಲದೆ ಬರೀ ದುಡಿಯುವ ಬಂಡವಾಳ ಕೇಳಿದರೆ ಅದು ಯೋಜನೆಯೇ ಆಗುವುದಿಲ್ಲ, ನಿಯಮದಲ್ಲೇ ಹಾಗಿದೆ. ಸರಕಾರದ ಕಣ್ಣಿಗೆ ಉದ್ದಿಮೆ ಎಂದರೆ ಕಬ್ಬಿಣ. ಅಧಿಕಾರಿ ಬಂದಾಗ ಬೆರಳು ಮಾಡಿ ತೋರಿಸಲು ಒಂದು ವಸ್ತು ಇರಬೇಕು, ಅದರ ಮೇಲೆ ಬ್ಯಾಂಕಿನ ಚೀಟಿ ಅಂಟಿಸಬೇಕು. ಜೋಳದ ಚೀಲಕ್ಕೆ ಚೀಟಿ ಅಂಟಿಸಿದರೂ ಆರು ತಿಂಗಳಲ್ಲಿ ಜನ ತಿಂದುಬಿಡುತ್ತಾರಲ್ಲ!

ನಿಮ್ಮ ಕಸುಬಿನ ಲಾಭ ಎಲ್ಲಿ ಸೋರುತ್ತದೆ ಎಂದು ನಿವೃತ್ತನಾದ ಮೇಲೆ, ನಿಮ್ಮ ಕಟ್ಟೆಗಳ ಮೇಲೆ ಕೂತು ಲೆಕ್ಕ ಹಾಕಿದೆ. ಎರಡು ತೂತು. ಒಂದು, ಹಿಂಗಾರಿ ಜೋಳದ ರಾಶಿ ಫೆಬ್ರುವರಿ, ಮಾರ್ಚಿನಲ್ಲಿ ಆಗುತ್ತದೆ; ಆಗ ಕೈಯಲ್ಲಿ ರೊಕ್ಕ ಇದ್ದವರು ರೈತನ ಹತ್ತಿರವೇ ಒಳ್ಳೆಯ ಬಿಳಿಜೋಳ ಆರಿಸಿ ಚೀಲ ತುಂಬಿಸುತ್ತಾರೆ, ಇಲ್ಲದವರು ಮಳೆಗಾಲದಲ್ಲಿ ಏರಿದ ದರಕ್ಕೆ ಎಂಥದ್ದೋ ಜೋಳ ಕೊಳ್ಳುತ್ತಾರೆ. ಶೇಂಗಾ, ಗುರೆಳ್ಳು, ಅಗಸಿ, ಬ್ಯಾಡಗಿ ಮೆಣಸಿನಕಾಯಿ ಎಲ್ಲದರ ಕಥೆಯೂ ಇದೇ. ಎರಡನೆಯದು ಉದ್ರಿ. ಖಾನಾವಳಿಯವರು ತಿಂಗಳ ಕೊನೆಗೆ ಕೊಡುತ್ತಾರೆ, ಅದೂ ಮುಂದಿನ ತಿಂಗಳ ಮಧ್ಯೆ. ಮದುವೆ ಅಡುಗೆ ಕಂಟ್ರಾಕ್ಟುದಾರರು ಇನ್ನೂ ನಿಧಾನ. ಸಣ್ಣ ಉದ್ದಿಮೆಯ ಬಾಕಿಯನ್ನು 45 ದಿನದೊಳಗೆ ತೀರಿಸಬೇಕು, ತಡವಾದರೆ ಬಡ್ಡಿ ಕೊಡಬೇಕು ಎಂದು 2006ರ ಕಾಯ್ದೆ ಇದೆ. ಇರಲಿ. ಖಾನಾವಳಿ ಮಾಲೀಕರ ಮೇಲೆ ದೂರು ಕೊಟ್ಟ ಮರುದಿನ ರೊಟ್ಟಿ ಬುಟ್ಟಿ ಹೊತ್ತು ಯಾರ ಬಾಗಿಲಿಗೆ ಹೋಗುತ್ತೀರಿ?

ಈ ಎರಡು ತೂತು ಮುಚ್ಚಲು ಬೇಕಾದದ್ದು ಮೂವತ್ತು, ನಲವತ್ತು, ಹೆಚ್ಚೆಂದರೆ ಐವತ್ತು ಸಾವಿರ. ನಾವು ಬ್ಯಾಂಕಿನವರು ಅದನ್ನು ಕೊಡದೆ ಐದು ಲಕ್ಷದ ಮಷೀನು ತೋರಿಸುತ್ತ ಕೂತಾಗ, ಓಣಿಗೆ ಮೈಕ್ರೋಫೈನಾನ್ಸ್ ಕಂಪನಿಗಳ ಬೈಕು ಬಂದವು. ವಾರದ ಸಾಲ. ಹತ್ತು ಜನ ಹೆಣ್ಣುಮಕ್ಕಳನ್ನು ಕೂರಿಸಿ, ಆಧಾರ್ ನೋಡಿ, ಕ್ವೊಟೇಶನ್ ಗಿಟೇಶನ್ ಏನೂ ಕೇಳದೆ ಕೈಗೆ ರೊಕ್ಕ. ಒಂದು ಸಾಲ ತೀರಿಸಲು ಇನ್ನೊಂದು, ಅದನ್ನು ತೀರಿಸಲು ಮತ್ತೊಂದು. 2025ರ ಆರಂಭದಲ್ಲಿ ಊರು ಬಿಟ್ಟು ಹೋದವರ ಮನೆಯ ಬೀಗದ ಚಿತ್ರಗಳು ಪತ್ರಿಕೆಯಲ್ಲಿ ಬಂದವು, ನೆನಪಿದೆಯಲ್ಲ. ಆ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದ ತನಕ ಜೈಲು. ಬಾಗಿಲಿಗೆ ಬಂದು ಬಾಯಿಗೆ ಬಂದಂತೆ ಬೈಯುವವರಿಗೆ ಇದು ಬೇಕಿತ್ತು. ಆದರೆ ಆ ಬೈಕುಗಳಿಗೆ ದಾರಿ ಬಿಟ್ಟುಕೊಟ್ಟವರಲ್ಲಿ ನಾನೂ ಒಬ್ಬ, ಇದಕ್ಕೆ ಯಾವ ಕಲಮೂ ಇಲ್ಲ.

ಸಿಟ್ಟು ಬರುವುದು ಇಲ್ಲಿ: ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಹುಟ್ಟಿತ್ತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ, 1980ರ ದಶಕದಲ್ಲಿ, ಮೈರಾಡ ಸಂಸ್ಥೆಯವರು ದಕ್ಷಿಣದ ಜಿಲ್ಲೆಗಳಲ್ಲಿ ಹದಿನೈದಿಪ್ಪತ್ತು ಜನರ ಉಳಿತಾಯದ ಗುಂಪು ಕಟ್ಟುತ್ತಿದ್ದರು. ಯಾರಿಗೆ ಎಷ್ಟು, ಯಾತಕ್ಕೆ ಎಂದು ಗುಂಪೇ ಕೂತು ನಿರ್ಧರಿಸುತ್ತಿತ್ತು. ಅದನ್ನು ನೋಡಿ ಕಲಿತ ನಬಾರ್ಡ್ 1992ರಲ್ಲಿ 500 ಗುಂಪುಗಳ ಪ್ರಯೋಗ ಮಾಡಿ ದೇಶಕ್ಕೆಲ್ಲ ಹಬ್ಬಿಸಿತು. ಬ್ಯಾಂಕು ಗುಂಪಿಗೆ ಇಡಿಗಂಟಾಗಿ ಸಾಲ ಕೊಡಬೇಕು, ಅಡಮಾನ ಕೇಳಬಾರದು, ಇಂಥದ್ದಕ್ಕೇ ಬಳಸಿ ಅಂತ ಹೇಳಬಾರದು. ಮೊದಲ ಸಲ ಸುತ್ತೋಲೆ ಓದಿದಾಗ ನಮ್ಮ ಹಿರಿಯ ಮ್ಯಾನೇಜರು ನಕ್ಕಿದ್ದರು. ನಗು ಬಹಳ ದಿನ ಉಳಿಯಲಿಲ್ಲ. ಶಾಖೆಯಲ್ಲಿ ಎಲ್ಲರಿಗಿಂತ ಸರಿಯಾಗಿ ಕಂತು ಕಟ್ಟಿದವು ಆ ಗುಂಪುಗಳೇ. 2000ದಲ್ಲಿ ರಾಜ್ಯದ ಸ್ತ್ರೀಶಕ್ತಿ ಬಂತು, ಆಮೇಲೆ ಸಂಜೀವಿನಿ. ನಿಮ್ಮ ಪಂಚಾಯಿತಿಯ ಸಂಜೀವಿನಿ ಒಕ್ಕೂಟದಲ್ಲಿ ಲೆಕ್ಕ ಬರೆಯುವ ಎಂಬಿಕೆ ಅಕ್ಕ ಇದ್ದಾಳಲ್ಲ, ಆಕೆಯನ್ನು ಹಿಡಿಯಿರಿ. ಮೇಲೆ ಹೇಳಿದ ಅದೇ ಪಿಎಂಎಫ್‌ಎಂಇ ಯೋಜನೆಯಲ್ಲಿ, ಪೋಸ್ಟರಿನ ಕೆಳಗೆ ಸಣ್ಣಕ್ಷರದಲ್ಲಿ, ಇನ್ನೊಂದು ಬಾಬ್ತು ಇದೆ: ಆಹಾರ ತಯಾರಿಸುವ ಸ್ವಸಹಾಯ ಗುಂಪಿನ ಪ್ರತಿ ಸದಸ್ಯೆಗೆ 40,000 ರೂಪಾಯಿಯ ಬೀಜ ಬಂಡವಾಳ. ಅದು ದುಡಿಯುವ ಬಂಡವಾಳಕ್ಕೆ ಮತ್ತು ಸಣ್ಣಪುಟ್ಟ ಸಲಕರಣೆಗೇ ಇರುವ ದುಡ್ಡು. ಒಕ್ಕೂಟಕ್ಕೆ ಬಂದು ನಿಮಗೆ ಸಾಲವಾಗಿ ಸಿಗುತ್ತದೆ, ನೀವು ಕಟ್ಟಿದ್ದು ಒಕ್ಕೂಟದಲ್ಲೇ ಉಳಿದು ಇನ್ನೊಬ್ಬಳಿಗೆ ಹೋಗುತ್ತದೆ. ಜೋಳ ಕೇಳಿಕೊಂಡು ಬಂದ ಅಕ್ಕನಿಗೆ ನಾನು ಹೇಳಬೇಕಾಗಿದ್ದದ್ದು ಇದನ್ನು. ಆಕೆ ಸಂಘದಲ್ಲಿದ್ದಾಳೋ ಇಲ್ಲವೋ ಎಂದು ಕೇಳಿರಲೂ ಇಲ್ಲ.

ಸಂಘ ಇಲ್ಲದವರು ಮುದ್ರಾ ಸಾಲ ಕೇಳಿ. ಶಿಶು ವರ್ಗದಲ್ಲಿ 50,000ದ ತನಕ, ಅಡಮಾನವಿಲ್ಲ. ಕೇಳುವಾಗ "ಲೋನ್ ಕೊಡ್ರಿ" ಎನ್ನಬೇಡಿ. "ದುಡಿಯುವ ಬಂಡವಾಳಕ್ಕೆ ಬೇಕು, ಕ್ಯಾಶ್ ಕ್ರೆಡಿಟ್ ಮಾಡಿಕೊಡ್ರಿ" ಎನ್ನಿ. ಬೇಕಾದಾಗ ತೆಗೆದು, ಉದ್ರಿ ವಸೂಲಾದಾಗ ತುಂಬಿ, ಬಳಸಿದಷ್ಟು ದಿನಕ್ಕೆ ಬಡ್ಡಿ. ಮ್ಯಾನೇಜರು ಕತ್ತೆತ್ತಿ ನೋಡುತ್ತಾರೆ. ನೋಡಲಿ.

ಕಾಗದಪತ್ರಕ್ಕೆ ಹೆದರಬೇಡಿ. ಉದ್ಯಮ್ ನೋಂದಣಿಗೆ ಒಂದು ಪೈಸೆ ಶುಲ್ಕವಿಲ್ಲ. ಪ್ಯಾನ್, ಜಿಎಸ್‌ಟಿ ಇಲ್ಲದ ಅತಿ ಸಣ್ಣವರಿಗೆಂದು 2023ರಲ್ಲಿ ಉದ್ಯಮ್ ಅಸಿಸ್ಟ್ ಕೂಡ ಬಂದಿದೆ. ಉದ್ಯಮ್ ನೋಂದಣಿಗೆ ಸಾವಿರಾರು ರೂಪಾಯಿ ಪೀಕುವ ಏಜೆಂಟರಿದ್ದಾರೆ. ಸೊಸೆಗೋ ಮಗನಿಗೋ ಹೇಳಿ, ಮೊಬೈಲಿನಲ್ಲೇ ಆಗುತ್ತದೆ. ಆಹಾರ ಸುರಕ್ಷತೆಯ ಮೂಲ ನೋಂದಣಿ ಸಣ್ಣ ವಹಿವಾಟಿನವರಿಗೆ ವರ್ಷಕ್ಕೆ 100 ರೂಪಾಯಿಯ ಬಾಬ್ತು. ಪಾಕೀಟಿನ ಮೇಲೆ ಆ ನಂಬರು ಇದ್ದರೆ ದೊಡ್ಡ ಅಂಗಡಿಯವನು ನಿಮ್ಮ ಪುಡಿಯನ್ನು ಕಪಾಟಿನಲ್ಲಿಡುತ್ತಾನೆ, ಇಲ್ಲದಿದ್ದರೆ ಗಲ್ಲಾಪೆಟ್ಟಿಗೆಯ ಕೆಳಗೆ.

ಫೋನಿಗೆ ರೊಕ್ಕ ಹಾಕಿಸಿಕೊಳ್ಳಲು ಕೆಲವರು ಈಗಲೂ ಅಂಜುತ್ತೀರಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸು ಕೊಟ್ಟಾಗ ಬೆಂಗಳೂರಿನಲ್ಲಿ ಕ್ಯೂಆರ್ ಚೀಟಿ ಕಿತ್ತು "ನಗದು ಮಾತ್ರ" ಎಂದು ಬರೆದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ನಿಮ್ಮ ಲೆಕ್ಕ ನೋಡೋಣ. ಸರಕು ಮಾರುವವರಿಗೆ ಜಿಎಸ್‌ಟಿ ಗಡಿ ವರ್ಷಕ್ಕೆ 40 ಲಕ್ಷ. ರೊಟ್ಟಿಗೆ ಹತ್ತು ರೂಪಾಯಿ ಹಿಡಿದರೂ, ಒಂದು ದಿನ ಬಿಡದೆ ದಿನಕ್ಕೆ ಸಾವಿರದ ನೂರು ರೊಟ್ಟಿ ಬಡಿದರೆ ಅಲ್ಲಿಗೆ ಮುಟ್ಟುತ್ತೀರಿ. ಅಷ್ಟು ಬಡಿದ ಕೈಗೆ ನೋಟಿಸು ತೆರೆಯುವ ಶಕ್ತಿ ಉಳಿದಿರುವುದಿಲ್ಲ. ಮೇಲಾಗಿ ಅದೇ ವರ್ಷದ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಯ ಮೇಲಿನ ಜಿಎಸ್‌ಟಿ ಸೊನ್ನೆ. ಬದಲಿಗೆ ಆ ಫೋನಿನ ಲೆಕ್ಕವೇ ನಿಮ್ಮ ಸಾಕ್ಷಿ. ಒಂದು ವರ್ಷ ಖಾತೆಗೆ ದಿನಾ ಐನೂರು, ಎಂಟುನೂರು ಬಂದಿದ್ದು ಕಂಡರೆ ಮ್ಯಾನೇಜರು ನಿಮ್ಮ ಮುಖ ನೋಡಿ ಊಹೆ ಮಾಡುವುದು ತಪ್ಪುತ್ತದೆ.

ನಿಜವಾಗಿ ಹೆದರಬೇಕಾದದ್ದು ಬೇರೆ ಇದೆ, ಅದನ್ನು ಯಾವ ತರಬೇತಿಯಲ್ಲೂ ಹೇಳುವುದಿಲ್ಲ. ಮನೆಯ 14.2 ಕೆಜಿ ಸಿಲಿಂಡರಿನ ಮೇಲೆ ಮಾರುವ ರೊಟ್ಟಿ ಬೇಯಿಸುವುದು ಕಾನೂನಿನ ಪ್ರಕಾರ ತಪ್ಪು. 19 ಕೆಜಿಯ ವಾಣಿಜ್ಯ ಸಿಲಿಂಡರಿನ ದರಕ್ಕೆ ಬೇಯಿಸಿದರೆ ರೊಟ್ಟಿಯಲ್ಲಿ ಉಳಿಯುವುದೇನು? ಗೃಹಜ್ಯೋತಿಯ ಉಚಿತ ವಿದ್ಯುತ್ತಿಗೂ ಹಿಂದಿನ ಸರಾಸರಿಯ ಲೆಕ್ಕ ಇದೆ; ಸಾಲ ಮಾಡಿ ತಂದ ಯಂತ್ರ ತಿರುಗಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು. ಒಂದು ಕೈಯಿಂದ ಮನೆಯಲ್ಲಿ ಉದ್ದಿಮೆ ಮಾಡಿ ಅನ್ನುವ ಸರಕಾರ ಇನ್ನೊಂದು ಕೈಯಿಂದ ಮನೆ ಬೇರೆ, ಉದ್ದಿಮೆ ಬೇರೆ ಅನ್ನುತ್ತದೆ. ನಿಮ್ಮ ಒಕ್ಕೂಟದ ಸಭೆಗೆ ಶಾಸಕರು ಬಂದಾಗ ಶಾಲು ಹೊದಿಸುವ ಮೊದಲು ಇದನ್ನು ಕೇಳಿ: ಗೃಹೋದ್ಯಮಕ್ಕೆ ಒಂದು ನಡುವಿನ ದರ ಯಾಕಿಲ್ಲ?

ಹಾಗೆ ನೋಡಿದರೆ, ಉದ್ದಿಮೆಗೆ ಎಂದು ಹೆಸರಿಡದ ಯೋಜನೆಗಳೇ ನಿಮಗೆ ಹೆಚ್ಚು ಒದಗಿದ್ದನ್ನು ಕಂಡಿದ್ದೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸಿನಲ್ಲಿ ನಿಮಗೆ ಟಿಕೆಟ್ ದುಡ್ಡು ಇಲ್ಲ. ನವಲಗುಂದದ ಕಡೆಯಿಂದ ಬೆಳಗಿನ ಬಸ್ಸಿಗೆ ರೊಟ್ಟಿ ಗಂಟು ಹೊತ್ತು ಹುಬ್ಬಳ್ಳಿಗೆ ಬಂದು ಸಂಜೆ ಖಾಲಿ ಬುಟ್ಟಿಯಲ್ಲಿ ತಿರುಗಿ ಹೋಗುವವರು ಹೆಚ್ಚಾಗಿದ್ದಾರೆ. ಗೃಹಲಕ್ಷ್ಮಿಯ ಎರಡು ಸಾವಿರವನ್ನು ಯಾರೂ ಕ್ವೊಟೇಶನ್ ಕೇಳಿ ಕೊಡುವುದಿಲ್ಲ. ಅದರಲ್ಲಿ ಶೇಂಗಾ ಕೊಂಡವರಿದ್ದಾರೆ, ಹೊಲಿಗೆ ಯಂತ್ರದ ಕಂತು ಕಟ್ಟಿದವರಿದ್ದಾರೆ, ಮೊಮ್ಮಗಳಿಗೆ ಕಾಲ್ಗೆಜ್ಜೆ ಮಾಡಿಸಿದವರೂ ಇದ್ದಾರೆ. ಗೆಜ್ಜೆಯ ವಿಷಯ ಯಾಕೆ ತೆಗೆದೆ ಎಂದರೆ, ಅದನ್ನು ದುಂದು ಎಂದು ಟೀಕಿಸಿದ ನನ್ನ ಸಹೋದ್ಯೋಗಿಗಳು ಸಾಲ ಕೊಟ್ಟ ಯಂತ್ರ ತುಕ್ಕು ಹಿಡಿದದ್ದನ್ನು ಎಂದೂ ದುಂದು ಎನ್ನಲಿಲ್ಲ.

ಕಲಬುರಗಿಯ ಹೆಣ್ಣುಮಕ್ಕಳ ಸುದ್ದಿ ಕೇಳಿದ್ದೀರಿ. ಜಿಲ್ಲಾಡಳಿತ ಅಲ್ಲಿ ರೊಟ್ಟಿ ಬಡಿಯುವವರನ್ನು ಒಂದುಗೂಡಿಸಿ "ಕಲಬುರಗಿ ರೊಟ್ಟಿ" ಎಂಬ ಒಂದೇ ಹೆಸರು ಕೊಟ್ಟಿತು. ಬೆಂಗಳೂರಿನಲ್ಲಿ ಕೌಂಟರು, ಮೊಬೈಲಿನಲ್ಲಿ ಆರ್ಡರು. 2025ರ ಜೂನ್ ತಿಂಗಳ "ಮನ್ ಕೀ ಬಾತ್"ನಲ್ಲಿ ಪ್ರಧಾನಿ, ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ಎಂದು ಹೇಳಿದರು. ರೇಡಿಯೊದಲ್ಲಿ ಬಂದದ್ದು ದೊಡ್ಡ ಮಾತೇನಲ್ಲ. ಗಿರಾಕಿಯನ್ನು ಹುಡುಕುವ ಕೆಲಸವನ್ನು ಸರಕಾರ ತನ್ನ ಮೈಮೇಲೆ ಹಾಕಿಕೊಂಡಿತಲ್ಲ, ನನಗೆ ಹಿಡಿಸಿದ್ದು ಅದು. 1959ರಲ್ಲಿ ಮುಂಬೈಯ ಗಿರಗಾಂವದ ಮಹಡಿಯ ಮೇಲೆ ಏಳು ಜನ ಹೆಣ್ಣುಮಕ್ಕಳು 80 ರೂಪಾಯಿ ಕೈಗಡ ತಂದು ಶುರು ಮಾಡಿದ ಲಿಜ್ಜತ್ ಹಪ್ಪಳವನ್ನು ಖಾದಿ ಆಯೋಗ 1966ರಲ್ಲಿ ಗುರುತಿಸಿದಾಗ ಕೊಟ್ಟದ್ದೂ ದುಡಿಯುವ ಬಂಡವಾಳವನ್ನೇ. ಹಿಟ್ಟು ಒಂದು ಕಡೆ ಕಲಸಿ, ಪ್ರತಿಯೊಬ್ಬಳೂ ಮನೆಗೆ ಒಯ್ದು ಲಟ್ಟಿಸಿ ತರುವುದು ಅವರ ಪದ್ಧತಿ. ಲಟ್ಟಣಿಗೆಗೆ ಯಾರೂ ಸಬ್ಸಿಡಿ ಕೇಳಲಿಲ್ಲ.

ಇನ್ನೊಂದು ತಪ್ಪು ಒಪ್ಪಿಕೊಂಡು ಮುಗಿಸುತ್ತೇನೆ. ಆ ಅಕ್ಕನ ಅರ್ಜಿಗೆ ಪ್ರಾಜೆಕ್ಟ್ ರಿಪೋರ್ಟು ಬರೆದವನು ನಾನೇ. ಜೋಳಕ್ಕೆ ಇಷ್ಟು, ಗ್ಯಾಸಿಗೆ ಇಷ್ಟು, ವಿದ್ಯುತ್ತಿಗೆ ಇಷ್ಟು ಅಂತ ತುಂಬಿದೆ. ಕೂಲಿ ಎಂಬ ಕಾಲಂನಲ್ಲಿ ಅಡ್ಡಗೆರೆ ಎಳೆದೆ. ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಮುಂದೆ ಆರು ತಾಸು ಕೂರುವ ಆಕೆಯ ಕೂಲಿ ಸೊನ್ನೆ ಎಂದು ಹಿಡಿದ ಕಾರಣಕ್ಕೇ ಕೊನೆಯ ಸಾಲಿನಲ್ಲಿ ಲಾಭ ಚೆನ್ನಾಗಿ ಬಂತು, ಸಾಲ ಮಂಜೂರಾಯಿತು. ನೀವೂ ದರ ಹೇಳುವಾಗ ಹಾಗೇ ಮಾಡುತ್ತೀರಿ: ಜೋಳ, ಗಿರಣಿ, ಗ್ಯಾಸು ಸೇರಿಸಿ ಒಂದೆರಡು ರೂಪಾಯಿ ಮೇಲಿಡುತ್ತೀರಿ. ಹೊಲಕ್ಕೆ ಹೋದರೆ ಸಿಗುವ ದಿನಗೂಲಿಯನ್ನಾದರೂ ಮೊದಲು ಬರೆದು, ಆಮೇಲೆ ರೊಟ್ಟಿಯ ದರ ಹೇಳಿ. ಖಾನಾವಳಿಯವರು ಗೊಣಗುತ್ತಾರೆ. ಅವರ ತಾಟಿನ ದರ ಈ ಐದು ವರ್ಷದಲ್ಲಿ ಎಷ್ಟು ಏರಿತು ಎಂದು ನಗುತ್ತಲೇ ಕೇಳಿ.

ಸೋಮವಾರ ಮತ್ತು ಗುರುವಾರ ಸಂಜೆ ನಮ್ಮ ಓಣಿಯ ವಾಚನಾಲಯದ ಕಟ್ಟೆಯ ಮೇಲೆ ಕೂತಿರುತ್ತೇನೆ. ಅರ್ಜಿ ತುಂಬಿಕೊಡುತ್ತೇನೆ, ದುಡ್ಡು ಬೇಡ; ಕಡಕ್ ರೊಟ್ಟಿ ತಂದರೆ ಬೇಡ ಎನ್ನುವುದಿಲ್ಲ. ಆ ಅಕ್ಕನೂ ಹೋದ ತಿಂಗಳು ಬಂದಿದ್ದಳು. ಯಂತ್ರವನ್ನು ಸಿಕ್ಕಷ್ಟಕ್ಕೆ ಕೊಟ್ಟಾಗಿದೆ, ಸಾಲದ ಬಾಕಿ ಇನ್ನೂ ಇದೆ, ಸಂಘಕ್ಕೆ ಸೇರಿದ್ದಾಳೆ. ಈ ಸುಗ್ಗಿಗೆ ಎಷ್ಟು ಚೀಲ ತುಂಬಿಸಬಹುದು ಎಂದು ಇಬ್ಬರೂ ಕೂತು ಲೆಕ್ಕ ಹಾಕಿದೆವು.

ನೀವು ಬರುವಾಗ ಕ್ವೊಟೇಶನ್ ತರಬೇಡಿ. ಉದ್ರಿ ಪುಸ್ತಕ ತನ್ನಿ.

ಇಂತಿ ನಿಮ್ಮ,
ನಿವೃತ್ತ ಬ್ಯಾಂಕ್ ಮ್ಯಾನೇಜರ್
ಧಾರವಾಡ